ಕೊಬ್ಬರಿಯ ಜೊತೆ ಬಿಸಿಲಿಗಿಟ್ಟ ಪ್ಲಗ್ಗು

"ಚಪ್ಪಲಿ ಹೊರಗೆ ಬಿಡಿ" ಎಂದಳು ಪ್ರತಿಮಾ.

ಎರಡು ವರ್ಷವಾದ ಮೇಲೆ ಬಸವಕುಮಾರನ ಮುಖ ನೋಡಿ ಅವಳು ಆಡಿದ ಮೊದಲ ಮಾತು ಅದು.

"ಬಿಡಲ್ಲ" ಎಂದ ಅವನು. "ಅಡುಗೆಮನೆ ನೆಲ ಒದ್ದೆಯಾಗಿದೆ ಅಂತ ಫೋನಲ್ಲಿ ನೀವೇ ಹೇಳಿದ್ರಿ. ರಬ್ಬರ್ ಚಪ್ಪಲಿ ಬಿಟ್ಟು ಒಳಗೆ ಬಂದ್ರೆ ನನ್ನನ್ನ ಹೊತ್ಕೊಂಡು ಹೋಗೋಕೆ ನಾಲ್ಕು ಜನ ಬೇಕಾಗ್ತಾರೆ. ಭಾನುವಾರ ಯಾರು ಸಿಗ್ತಾರೆ?"

"ನಿಮ್ಮ ಬಾಯಿಗೆ ಯಾವ ವಾರವೂ ಯಾರೂ ಸಿಗಲ್ಲ."

ಅವನು ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ. ಗಡ್ಡ ಬಿಟ್ಟಿದ್ದ. ಗಡ್ಡ ಅವನಿಗೆ ಒಪ್ಪುತ್ತಿತ್ತು, ಅದಕ್ಕೂ ಪ್ರತಿಮಾಗೆ ಸಿಟ್ಟು ಬಂತು.

ಅವನನ್ನು ಕರೆಯಬೇಕೆಂದು ಅವಳಿಗೇನೂ ಇರಲಿಲ್ಲ. ಯಾವಾಗಲೂ ಬರುವ ಎಲೆಕ್ಟ್ರಿಷಿಯನ್ ಹನುಮಯ್ಯ ಮನೆಮಂದಿಯನ್ನೆಲ್ಲ ಕರೆದುಕೊಂಡು ಮಾಲೇಕಲ್ಲು ಬೆಟ್ಟ ಹತ್ತುತ್ತಿದ್ದ. ಫೋನಲ್ಲಿ ಏದುಸಿರಿನಲ್ಲೇ, "ಸ್ಟೇಷನ್ ರೋಡಿನ ಬಸವಕುಮಾರಂಗೆ ಮಾಡವ್ವ, ನಂಬರ್ ಕಳಿಸ್ತೀನಿ" ಎಂದ. ನಂಬರ್ ಬೇಕಾಗಿರಲಿಲ್ಲ. ಅದು ಅವಳಿಗೆ ಇನ್ನೂ ಬಾಯಿಪಾಠವಿತ್ತು.

"ಇದೇನಾ?" ಮಿಕ್ಸಿಯ ಪ್ಲಗ್ಗನ್ನು ಎತ್ತಿ ಹಿಡಿದ. ಪಿನ್ನುಗಳ ಸುತ್ತ ಕಪ್ಪಿಟ್ಟಿತ್ತು. "ನೀರು ಹೆಂಗೆ ಹೋಯ್ತು?"

"ಶುಕ್ರವಾರ ಅಮ್ಮ ಮೋಟರ್ ಹಾಕಿ ಮರೆತಿದ್ರು. ಟ್ಯಾಂಕ್ ತುಂಬಿ ಗೋಡೆ ಮೇಲಿಂದ ಇಳಿದು ಬೋರ್ಡಿಗೆ ಹೋಯ್ತು. ಅಷ್ಟರಲ್ಲಿ ಕರೆಂಟ್ ಹೋಗಿತ್ತು. ಅಮ್ಮ ಪ್ಲಗ್ ಕಿತ್ರು, ಮಿಕ್ಸಿ ಸಮೇತ ತಾರಸಿಗೆ ತಗೊಂಡು ಹೋಗಿ…" ಪ್ರತಿಮಾ ಅಲ್ಲಿಗೆ ನಿಲ್ಲಿಸಿದಳು.

"ಹೋಗಿ?"

"ಕೊಬ್ಬರಿ ಪಕ್ಕ ಒಣಗೋಕೆ ಇಟ್ರು."

ಮುಂದಿನದನ್ನೂ ಹೇಳದೆ ವಿಧಿಯಿರಲಿಲ್ಲ. ಮೂವತ್ತು ವರ್ಷ ಕೊಬ್ಬರಿ ಕಂಡ ಅವಳ ತಾಯಿ ಶಿವಗಂಗಮ್ಮನವರು ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ತೆಂಗಿನಕಾಯಿಗೆ ಏನು ಮಾಡುತ್ತಿದ್ದರೋ ಪ್ಲಗ್ಗಿಗೂ ಅದನ್ನೇ ಮಾಡಿದ್ದರು. ಈ ಬೆಳಿಗ್ಗೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರಿನ ಸದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬೋರ್ಡಿಗೆ ಚುಚ್ಚಿ ಸ್ವಿಚ್ ಹಾಕಿದ್ದರು. ಫಟ್ ಎಂದು ಬೆಂಕಿ ಹಾರಿತು. ಬೆಚ್ಚಿಬಿದ್ದು ಇನ್ನೊಂದು ಕೈಲಿದ್ದ ತಪ್ಪಲೆಯ ನೀರನ್ನೆಲ್ಲ ನೆಲಕ್ಕೆ ಚೆಲ್ಲಿದರು. ಮೊಣಕೈವರೆಗೆ ಜೋಮು ಹಿಡಿದಿದ್ದರೂ, ಚಟ್ನಿ ರುಬ್ಬಲೇಬೇಕೆಂದು ಪಕ್ಕದ ಬಸಮ್ಮನ ಮನೆಗೆ ಹೋಗಿದ್ದರು.

ಬಸವಕುಮಾರ್ ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ.

"ಸ್ಕೂಲಲ್ಲಿ ಮಕ್ಕಳಿಗೆ ಕರೆಂಟ್ ಪಾಠ ಮಾಡೋರು ನೀವು. ಕಣ್ಣೆದುರಿಗೆ ಅಮ್ಮ ಹಿಂಗೆ ಮಾಡಿದ್ರೆ ಸುಮ್ನೆ ನೋಡ್ತಾ ಇದ್ರಾ?"

"ನಾನು ಸ್ನಾನಕ್ಕೆ ಹೋಗಿದ್ದೆ."

"ಮುಖ್ಯವಾದ ಹೊತ್ತಲ್ಲಿ ನೀವು ಇರೋದೇ ಇಲ್ಲ ಬಿಡಿ. ಇದ್ರೂ ಬಾಯಿ ಇರಲ್ಲ."

ಅದು ಪ್ಲಗ್ಗಿನ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಇದೇ ಮನೆಯಂಗಳದ ಚಪ್ಪರದಲ್ಲಿ ಇವರಿಬ್ಬರ ಮದುವೆ ನಿಶ್ಚಯದ ವೀಳ್ಯಶಾಸ್ತ್ರ. ಬೆಳಿಗ್ಗೆ ಮಳೆ ಬಂದು ಕಬ್ಬಿಣದ ಕಂಬಗಳೆಲ್ಲ ತೊಯ್ದಿದ್ದವು. ಕಂಬಕ್ಕೆ ಸುತ್ತಿದ್ದ ಸೀರಿಯಲ್ ಸೆಟ್ಟಿನ ವೈರು ಜಾಯಿಂಟಿನಲ್ಲಿ ಬೆತ್ತಲಾಗಿತ್ತು. ಹಿರಿಯರು ಎಲೆ ಅಡಿಕೆಯ ತಟ್ಟೆ ಎತ್ತುವ ಹೊತ್ತಿಗೆ ಸರಿಯಾಗಿ ರೇಷ್ಮೆ ಪಂಚೆಯ ಮದುಮಗ ಎದ್ದು ಹೋಗಿ ಮೇನ್ ಸ್ವಿಚ್ಚನ್ನೇ ತೆಗೆದುಬಿಟ್ಟ. ಜೊತೆಗೆ ಮಠದ ಗದ್ದುಗೆಯ ಪಟದ ಮುಂದೆ ಸದಾ ಉರಿಯುವ ಕೆಂಪು ಬಲ್ಬೂ ಆರಿತು. ಅಪಶಕುನ ಎಂದರು ಯಾರೋ. ಹತ್ತು ನಿಮಿಷ ತಡೆಯಬಾರದಿತ್ತೇ ಎಂದು ಅವಳ ತಂದೆ ಷಡಕ್ಷರಪ್ಪ ಗದರಿದರು. "ಆ ಕಂಬ ಹಿಡಿದು ನೋಡಿ, ಆಮೇಲೆ ಮಾತಾಡಿ" ಎಂದ ಇವನು, ಐವತ್ತು ಜನರ ಮುಂದೆ. ಎತ್ತಿದ ತಟ್ಟೆ ಕೆಳಗಿಳಿಯಿತು. ಬಸವಕುಮಾರ್ ಒಮ್ಮೆ ಪ್ರತಿಮಾಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅಷ್ಟೇ, ಸಂಬಂಧ ಮುರಿಯಿತು.

ಬರುವ ಬುಧವಾರ ಕಡೂರಿನ ಗಂಡಿನವರು ವೀಳ್ಯಕ್ಕೆ ಬರುವವರಿದ್ದರು. ಆಗಲಿ ಎಂದು ಅವಳೇ ಒಪ್ಪಿದ್ದಳು. ಒಪ್ಪಿದಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಮೇನ್ ತೆಗೆದಿದ್ದೀರ ತಾನೇ?"

"ನೀವು ಹೇಳೋಕೆ ಮುಂಚೆನೇ ತೆಗೆದಿದ್ದೆ. ಕೈ ಒರೆಸ್ಕೊಂಡು, ಒಣ ಮಣೆ ಮೇಲೆ ನಿಂತು. ಸಾಕಾ?"

"ಸಾಕು" ಎಂದು ಟೆಸ್ಟರ್ ಇಟ್ಟು ನೋಡಿದ. ಅವಳ ಮಾತನ್ನು ನಂಬದೆ ಇನ್ನೊಮ್ಮೆ ನೋಡಿದ. ಆಮೇಲೆ ಕಟಿಂಗ್ ಪ್ಲೇಯರಿನಿಂದ ಪ್ಲಗ್ಗನ್ನು ವೈರಿನಿಂದ ಕತ್ತರಿಸಿ ಹಾಕಿದ.

"ಅಯ್ಯೋ, ಒರೆಸಿ ಕೊಟ್ಟಿದ್ರೆ ಆಗ್ತಿತ್ತು."

"ಒಳಗೆ ಕಿಲುಬು ಹಿಡಿದಿರುತ್ತೆ, ಒರೆಸಿದ್ರೆ ಹೋಗಲ್ಲ. ಮೇಲೆ ಒಣಗಿದ ಹಂಗೆ ಕಾಣುತ್ತೆ, ಒಳಗೆ ತೇವ ಇರುತ್ತೆ. ನೀರು ಕುಡಿದ ಪ್ಲಗ್ ಬಿಸಾಕೋದೇ. ಈ ಸಾಕೆಟ್ಟೂ ಅಷ್ಟೇ." ಬೋರ್ಡಿನ ಸ್ಕ್ರೂ ತಿರುಗಿಸತೊಡಗಿದ. "ನೀವು ಹೋಗಿ ಮೇನ್ ಹತ್ರ ನಿಂತ್ಕೊಳ್ಳಿ. ನಾನು ಹೇಳೋವರೆಗೂ ಯಾರೂ ಮುಟ್ಟಬಾರ್ದು."

"ನನ್ನ ಮೇಲೆ ಅಷ್ಟು ನಂಬಿಕೆನಾ?"

"ಇಲ್ಲ. ಬೇರೆ ಯಾರೂ ಇಲ್ಲ, ಅದಕ್ಕೆ." ಸ್ಕ್ರೂ ತಿರುಗಿಸುತ್ತಲೇ, "ಬುಧವಾರ ಕಡೂರಿನೋರು ಬರ್ತಾರಂತಲ್ಲ" ಎಂದ, ಗೋಡೆಗೆ ಹೇಳುವವನಂತೆ.

"ಹೌದು. ಅವರ ಹುಡುಗ ಸುಮ್ನೆ ಕೂತ್ಕೋತಾನಂತೆ. ಮಧ್ಯದಲ್ಲಿ ಎದ್ದು ಹೋಗಲ್ಲವಂತೆ."

"ಒಳ್ಳೇದು. ನಿಮಗೆ ಸರಿಯಾದ ಜೋಡಿ."

ಪ್ರತಿಮಾ ದಡದಡ ನಡೆದು ನಡುಮನೆಗೆ ಬಂದಳು. ಕಣ್ಣು ಉರಿಯುತ್ತಿತ್ತು. ಈ ಮನುಷ್ಯ ಒಂದೇ ಒಂದು ಸಲ ಫೋನ್ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು? ಇನ್ನರ್ಧ ಗಂಟೆಗೆ ಕೆಲಸ ಮುಗಿಸಿ ಅವನು ಹೋಗುತ್ತಾನೆ. ಹೋದರೆ ಎಲ್ಲ ಮುಗಿದ ಹಾಗೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ಬಾಯಿಗೆ ಬರುತ್ತಿದ್ದದ್ದು ಬರೀ ಕುಟುಕು ಮಾತು.

ಅಷ್ಟರಲ್ಲಿ ಶಿವಗಂಗಮ್ಮ ಚಟ್ನಿಯ ಬೋಸಿ ಹಿಡಿದು ಬಂದರು. ಅಡುಗೆಮನೆಯ ಕಡೆ ಅವರ ಕಣ್ಣು ಹೋಗಲಿಲ್ಲ, ಪಟದ ಕಡೆ ಹೋಯಿತು.

"ದೀಪ ಆರೋಗೈತಲ್ಲೇ. ಯಾರು ತೆಗೆದಿದ್ದು?"

"ನಾನೇ. ರಿಪೇರಿ ನಡೀತಿದೆ."

"ದಿನಾ ಕರೆಂಟ್ ಹೋಗ್ತೈತೆ, ಅದು ತಾನಾಗಿ ಹೋಗೋದು. ಕೈಯಾರೆ ಆರಿಸ್ತಾರೇನೇ, ವೀಳ್ಯ ಮೂರು ದಿನ ಇರೋವಾಗ? ಸರಿ ಆ ಕಡೆ. ಒಂದ್ಸಲ ಹಾಕಿ, ಕೈ ಮುಗಿದು ತೆಗೀತೀನಿ."

"ಬೇಡಮ್ಮ. ಅವರ ಕೈ ಬೋರ್ಡ್ ಒಳಗಿದೆ."

"ಎರಡು ನಿಮಿಷ ಕೈ ತೆಗಿ ಅನ್ನು." ಹೇಳುತ್ತಲೇ ಶಿವಗಂಗಮ್ಮನ ಕೈ ಮೇನ್ ಸ್ವಿಚ್ಚಿಗೆ ಹೋಯಿತು.

ಪ್ರತಿಮಾ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು. ತಾಯಿ ತೋಳು ಹಿಡಿದು ಎಳೆದರು. ಇವಳು ಕದಲಲಿಲ್ಲ. ಬೋಸಿ ಉರುಳಿ ಚಟ್ನಿಯೆಲ್ಲ ನೆಲಕ್ಕೆ ಚೆಲ್ಲಿತು. ಸದ್ದಿಗೆ, ತಾರಸಿಯಲ್ಲಿ ಕೊಬ್ಬರಿ ಹರವುತ್ತಿದ್ದ ಷಡಕ್ಷರಪ್ಪನವರು ಮೆಟ್ಟಿಲಿಳಿದು ಬಂದರು.

"ಏನೇ ಇದು, ಹೆತ್ತೋಳ ಕೈ ತಳ್ತೀಯ? ಯಾರವನು ಒಳಗಿರೋನು, ನಿನ್ ಗಂಡನಾ?" ಎಂದರು ಶಿವಗಂಗಮ್ಮ.

"ಆಗಬೇಕಿತ್ತು" ಎಂದಳು ಪ್ರತಿಮಾ. "ಅವತ್ತು ಅವರು ಮಾಡಿದ್ದು ಸರಿ ಅಂತ ನನಗೆ ಗೊತ್ತಿತ್ತು. ಹೆದರಿ ಬಾಯಿ ಮುಚ್ಕೊಂಡಿದ್ದೆ. ಇವತ್ತು ಮುಚ್ಚಲ್ಲ. ನನ್ನನ್ನ ಬೇಕಾದ್ರೆ ಹೊಡಿ, ಈ ಸ್ವಿಚ್ ಮಾತ್ರ ಮುಟ್ಟಬೇಡ. ಅವರಿಗೇನಾದ್ರೂ ಆದ್ರೆ ನಾನು ಬದುಕಿರಲ್ಲ."

ಒಳಗೆ ಸ್ಕ್ರೂಡ್ರೈವರಿನ ಸದ್ದು ನಿಂತಿತು.

ಶಿವಗಂಗಮ್ಮ ಗಂಡನ ಮುಖ ನೋಡಿದರು. ಷಡಕ್ಷರಪ್ಪನವರು ಹೆಂಡತಿಯ ಕೈಯನ್ನು ತಾವೇ ಸ್ವಿಚ್ಚಿನ ಕಡೆಯಿಂದ ಇಳಿಸಿದರು.

"ಬಿಡೇ. ಅವತ್ತು ಅವರೆಲ್ಲ ಹೋದ ಮೇಲೆ ಮೇನ್ ಹಾಕಿ, ಆ ಕಂಬ ಮುಟ್ಟಿದ್ದೆ ನಾನು. ಎತ್ತಿ ಒಗೀತು. ಮರ್ಯಾದೆಗೆ ಅಂಜಿ ಯಾರ ಹತ್ರಾನೂ ಹೇಳ್ಲಿಲ್ಲ."

ಪ್ರತಿಮಾ ತಂದೆಯನ್ನೇ ನೋಡಿದಳು. ಎರಡು ವರ್ಷ. ಗೊತ್ತಿದ್ದೂ ಮುಚ್ಚಿಟ್ಟಿದ್ದರು.

"ಕಡೂರಿನೋರಿಗೆ ಏನು ಹೇಳ್ಲವ್ವ?" ಎಂದರು ಅವರು ನೆಲ ನೋಡುತ್ತ.

"ಬರಬೇಡಿ ಅನ್ನಿ."

ಬಸವಕುಮಾರ್ ಬಾಗಿಲಿಗೆ ಬಂದು ನಿಂತಿದ್ದ. ಕೈತುಂಬ ಗೋಡೆಯ ಸುಣ್ಣ. ಮುಖ ಇನ್ನೂ ಸಿಡುಕಿನದೇ. "ಅಡುಗೆಮನೆ ಫ್ಯೂಸ್ ಕಿತ್ತಿಡ್ತೀನಿ, ಗೋಡೆ ಪೂರ್ತಿ ಆರೋವರೆಗೂ ಯಾರೂ ಹಾಕಬೇಡಿ" ಎಂದು ಹಿರಿಯರಿಗೆ ಹೇಳಿದ. "ನೀರು ಸೋರೋ ಮನೆಗೆ ಆರ್‌ಸಿಸಿಬಿ ಅಂತ ಒಂದು ಹಾಕಿಸ್ಬೇಕು. ಕರೆಂಟ್ ದಾರಿ ತಪ್ಪಿ ಮೈಗೆ ಹರಿದ್ರೆ ಕಣ್ಣು ಮಿಟುಕಿಸೋದ್ರಲ್ಲಿ ತಾನೇ ಆಫ್ ಆಗುತ್ತೆ." ಆಮೇಲೆ ಅವಳ ಕಡೆ ತಿರುಗಿದ. "ಎರಡು ವರ್ಷ ತಡ ಮಾಡಿದ್ರಿ."

"ನೀವು ಒಂದು ಫೋನ್ ಮಾಡಿದ್ರಾ?"

"ಮಾಡಿದ್ರೆ ಎತ್ತುತಿದ್ರಾ?"

"ಎತ್ತಿ ಚೆನ್ನಾಗಿ ಬೈತಿದ್ದೆ."

"ಬೈಯೋಕಾದ್ರೂ ಎತ್ತಿದ್ರೆ ಸಾಕಾಗಿತ್ತು ನಂಗೆ" ಎಂದ. ಬಗ್ಗಿ ಚೀಲಕ್ಕೆ ಸಾಮಾನು ತುಂಬತೊಡಗಿದ. ಒಂದೇ ಸ್ಪ್ಯಾನರನ್ನು ಎರಡು ಸಲ ಹಾಕಿ ತೆಗೆದದ್ದನ್ನು ಪ್ರತಿಮಾ ನೋಡಿದಳು.

ಅವಳು ಹತ್ತಿರ ಬಂದು ಕೇಳಿದಳು. "ಬುಧವಾರ ಅಡುಗೆಯವರಿಗೆ ಹೇಳಿ ಆಗಿದೆ. ನೀವು ಬರ್ತೀರಾ?"

"ಬೈತೀರಾ?"

"ದಿನಾ ಬೈತೀನಿ. ಸಾಯೋವರೆಗೂ."

"ಹಂಗಾದ್ರೆ ಅಪ್ಪ ಅಮ್ಮನ್ನ ಕರ್ಕೊಂಡು ಬರ್ತೀನಿ" ಎಂದ ಬಸವಕುಮಾರ್.