ಒರೆಸಿದ ಕುಂಕುಮ

"ಕೈ ತಗೀರಿ! ಪೂಜಿ ಮಾಡಿದ ಕುಂಕುಮ ಒರಸ್ತೀರಲ್ಲ, ನಿಮಗ ಹೆಂಗರ ಮನಸ್ಸು ಬಂತು?"

ಆರತಿ ತಟ್ಟೆ ಹಿಡಿದ ಶೇಖವ್ವನ ದನಿಗೆ ಬೆಟಗೇರಿಯ ಹತ್ತಿ ಗಿರಣಿಯೇ ಬೆಚ್ಚಿತು. ಕನ್ನಡ ನಾಡು ಒಂದಾಗಲು ಕೆಲವೇ ವಾರ ಉಳಿದಿದ್ದ ದಸರೆಯದು. ಆಯುಧ, ಯಂತ್ರಗಳ ಖಂಡೇಪೂಜೆಗೆಂದು, ಗಿರಣಿಯನ್ನೆಲ್ಲ ತಿರುಗಿಸುವ ಉಕ್ಕಿನ ಶಾಫ್ಟಿಗೆ ಅವಳು ಈಗಷ್ಟೇ ಕುಂಕುಮ ಬಳಿದಿದ್ದಳು. ಅದನ್ನು ಸೀಮೆಎಣ್ಣೆ ಅರಿವೆಯಿಂದ ಉಜ್ಜುತ್ತಿದ್ದವನು ಮುಂಬೈಯಲ್ಲಿ ಕಲಿತು ಬಂದ ಇಂಜಿನಿಯರ್ ವಿರೂಪಾಕ್ಷ. ನಾಳೆ ಅವಳನ್ನು ನೋಡಲು ಬರಬೇಕಾದ ವರನೂ ಅವನೇ!

"ಸ್ವಲ್ಪ ತಡೀರಿ. ಇದರೊಳಗ ಏನೈತಿ ನೋಡಬೇಕು."

ಅವನು ಶಾಫ್ಟಿಗೆ ತಂತಿ ಸುತ್ತಿ ಕರೆಂಟು ಹರಿಸಿದ. ಉಕ್ಕು ಅಯಸ್ಕಾಂತವಾಯಿತು. ಮೇಲೆ ಕಬ್ಬಿಣದ ಪುಡಿ ಉದುರಿಸಿ ಮೆಲ್ಲಗೆ ಊದಿದ. ಉಳಿದದ್ದೆಲ್ಲ ಹಾರಿಹೋದರೂ ಒಂದು ಕಡೆ ಮಾತ್ರ ಪುಡಿ ಕೂದಲೆಳೆಯಂತೆ ಗೆರೆಯಾಗಿ ನಿಂತಿತು.

"ಬಿರುಕು ಇದ್ದಲ್ಲೇ ಪುಡಿ ಹಿಂಗ ಹಿಡಕೊಂಡು ನಿಲ್ಲತೈತಿ. ಇಲ್ಲಿ ಒಳಗ ಬಿರುಕು ಐತಿ. ಗಿರಣಿ ಚಾಲೂ ಮಾಡಬ್ಯಾಡ್ರಿ."

ಮಿಸ್ತ್ರಿ ನೀಲಪ್ಪನ ಮುಖ ಕಪ್ಪಿಟ್ಟಿತು. ಅವನು ಶೇಖವ್ವನ ಅಪ್ಪ. "ನಾ ಬಡದು ನೋಡೇನ್ರಿ ಸಾಹೇಬರ, ಗಂಟಿ ಹಂಗ ನುಡೀತೈತಿ!"

ಯಾರೂ ಅವನ ಮಾತು ಕೇಳಲಿಲ್ಲ. ಆಳುಗಳೆದುರು ಅಪ್ಪ ತಲೆ ತಗ್ಗಿಸಿ ಹೊರನಡೆದಾಗ ಶೇಖವ್ವ ಆರತಿ ತಟ್ಟೆ ಕುಕ್ಕಿ ಅವನ ಹಿಂದೆಯೇ ನಡೆದಳು.

ಮನೆಯಲ್ಲಿ ಅವ್ವ ಅತ್ತಿದ್ದೇ ಅತ್ತಿದ್ದು. "ಹಬ್ಬದ ದಿನ ಕುಂಕುಮ ಅಳಿಸಿದ್ನಂತ... ನನ್ನ ಗಂಡಗ ಏನ್ ಕೇಡು ಕಾದೈತೋ ಯವ್ವಾ!"

"ಆ ಮನಶ್ಯಾನ್ನ ನಾ ಒಲ್ಲೆ," ಎಂದುಬಿಟ್ಟಳು ಶೇಖವ್ವ.

ಆದರೂ ಪುಡಿ ಉದುರಿಸಿದ ಆ ಬೆರಳುಗಳು ಕಣ್ಣಿಂದ ಮರೆಯಾಗಲೊಲ್ಲವು. ಹಾಳು ಮನಸ್ಸು... ಅಪ್ಪನ ಮಾನ ಕಳೆದವನ ನೆನಪು ಯಾಕೆ?

ಮರುದಿನ ಗಿರಣಿಯಿಂದ ಖಬರು ಬಂತು. ಬಿಚ್ಚಿ ಇಳಿಸುವಾಗ ಸರಪಳಿಯಿಂದ ಜಾರಿ ಬಿದ್ದು ಶಾಫ್ಟು ಎರಡು ತುಂಡಾಗಿತ್ತು!

ಶೇಖವ್ವ ಓಡಿದಳು. ಪುಡಿ ನಿಂತ ಗೆರೆಯಲ್ಲೇ ಮುರಿದಿತ್ತು. ಆ ಜಾಗದ ಮಗ್ಗುಲಲ್ಲೇ ಅಪ್ಪ ದಿನವೂ ನಿಲ್ಲುವ ಕಲ್ಲು. ತಿರುಗುವಾಗ ಮುರಿದಿದ್ದರೆ... ಅಪ್ಪ ಆ ಕಲ್ಲಿನ ಮೇಲೆ ಮುರಿದ ತುಂಡು ಸವರುತ್ತ ಕೂತಿದ್ದ.

"ಅಪ್ಪ ಇಲ್ಲೇ ನಿಲ್ಲತಾನಂತ ನಿಮಗ ಗೊತ್ತಿತ್ತೇನ್ರಿ?" ಎಂದು ವಿರೂಪಾಕ್ಷನನ್ನು ಕೇಳಿದಳು.

"ಗೊತ್ತಿತ್ತು." ಅವನು ಕಲ್ಲಿನ ಕಡೆ ನೋಡಿದ. "ಕಬ್ಬಿಣದ ಮ್ಯಾಲಿನ ಕುಂಕುಮ ಒರಸಿದ್ದು ಖರೆ. ನಿಮ್ಮವ್ವನ ಹಣಿಮ್ಯಾಲಿಂದು ಉಳೀಲಿ ಅಂತ..."

ಶೇಖವ್ವನ ಕಣ್ಣು ತುಂಬಿ ಬಂತು.

"ಸಂಜಿಕ ಮನಿಗೆ ಬರ್ರಿ."

"ಒಲ್ಲೆ ಅಂದಿದ್ರಂತಲ್ಲ?"

"ಅಂದಿದ್ದೆ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನ ಮ್ಯಾಲೆ ಯಂತ್ರದ ಮಗ್ಗಲ ನೀವೂ ಹುಷಾರ ನಿಲ್ಲಬೇಕ್ರಿ. ನನ್ನ ಕುಂಕುಮಾನೂ ಉಳೀಬೇಕಲ್ಲ!"

"ಆತು," ಎಂದ ವಿರೂಪಾಕ್ಷ.