ಮುಖಪುಟದ ತಿಮ್ಮಪ್ಪ

ಕೊಬ್ಬರಿ ಎಣ್ಣೆ ಗಾಣದ ತಿಮ್ಮಪ್ಪನವರು ಕಂಪ್ಯೂಟರಿನ ಪರದೆಯ ಮೇಲೆ ಬೆರಳೂರಿ ನೋಡಿದರು. ಬೆರಳು ತೆಗೆದಾಗ ಅಲ್ಲಿ ಎಣ್ಣೆಯ ಗುರುತು ಉಳಿಯಿತು. ಕೈಯನ್ನು ಕುರ್ಚಿಯ ಬೆನ್ನಿಗೆ ಒರೆಸಿಕೊಂಡು, ಬಾಗಿಲಿಗೆ ಹೋಗಿ ಎಲೆಯಡಿಕೆ ಉಗಿದು ಬಂದರು.

"ಇದೇನಪ್ಪಾ, ಇಷ್ಟೇನಾ? ಗೋಡೆ ಬರಿಯೋ ಪುಟ್ಟರಾಜು ಒಂದಿನದಾಗೆ ಮಾಡಿ ಬಿಸಾಕ್ತಾನೆ ಕಣಪ್ಪಾ. ಅವನಾದ್ರೆ ತೆಂಗಿನ್ಮರಾನೂ ಬರೀತಿದ್ದ."

ಜಯಂತ್ ನಕ್ಕ. ಅವರು ಹೋದ ಮೇಲೆ ಬಟ್ಟೆ ಒದ್ದೆ ಮಾಡಿ ಪರದೆ ಒರೆಸಿದ. ಗುರುತು ಹೋಗಲಿಲ್ಲ, ಹರಡಿತು.

ತಿಮ್ಮಪ್ಪನವರ ಗಾಣಕ್ಕೆಂದು ಎರಡು ತಿಂಗಳು ಅವನು ಆ ಜಾಲತಾಣದ ನಕ್ಷೆ ಹಾಕಿದ್ದ. ಮುಖಪುಟದಲ್ಲಿ ಏನಿರಬೇಕು, ಗಾಣದ ಕತೆ ಯಾವ ಪುಟದಲ್ಲಿ, ಎಣ್ಣೆ ತರಿಸಿಕೊಳ್ಳುವವರು ಎಲ್ಲಿ ಒತ್ತಬೇಕು, ಎಲ್ಲವನ್ನೂ ಮೊದಲು ಕಾಗದದ ಮೇಲೆ ಬರೆದು, ಅಳಿಸಿ, ಮತ್ತೆ ಬರೆದಿದ್ದ. ಹಾಸನದಲ್ಲಿ ಬಿ.ಎಸ್ಸಿ. ಓದಿ, ಹೊಳೆನರಸೀಪುರದ ಮನೆ ಬಿಟ್ಟು ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನಿಗೆ ಇದು ಮೊದಲ ನಿಜವಾದ ಕೆಲಸ. ಉಳಿದದ್ದೆಲ್ಲ ಲಗ್ನಪತ್ರಿಕೆ. ಇಲ್ಲವೆ ಸತ್ತವರ ತಿಥಿಯ ಕಾರ್ಡು. ರೇಷನ್ ಕಾರ್ಡಿನಿಂದ ಕಿತ್ತ ಫೋಟೋ, ಮದುವೆಯ ಗುಂಪಿನಿಂದ ಕತ್ತರಿಸಿದ ಫೋಟೋ ಹಿಡಿದು ಜನ ಬರುತ್ತಿದ್ದರು. ಅವರ ಅಳು, ಬೆವರಿನ ವಾಸನೆ, ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಮಲಗಿದ ಹೆಣದ ಮುಖ. ಮುಖ ನೋಡುವುದನ್ನು ಅವನು ಎಂದೋ ಬಿಟ್ಟಿದ್ದ. ಬೇಕಾದ ಅಲಂಕಾರವೆಲ್ಲ ಕಂಪ್ಯೂಟರಿನಲ್ಲಿ ಸಿದ್ಧವಿತ್ತು. ಕೈ ತಾನಾಗಿ ಜೋಡಿಸುತ್ತಿತ್ತು.

ಪುಟ್ಟರಾಜು! ತೆಂಗಿನ ಮರ!

ಆವತ್ತೇ ಯೋಚನೆ ಹುಟ್ಟಿತು. ಅಷ್ಟು ಸುಲಭವಾಗಿ ಹುಟ್ಟಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಜಾಲತಾಣ ಎರಡು ಮಾಡುವುದು. ಒಂದು ಈ ಅಂಗಡಿಯ ಕಂಪ್ಯೂಟರಿನೊಳಗೆ ಮಾತ್ರ, ತಿಮ್ಮಪ್ಪನವರಿಗೆ ತೋರಿಸಲು. ಅದರಲ್ಲಿ ಅವರ ಅಂಗಡಿಯ ಫೋನ್ ನಂಬರು, ಅವರು ಕೇಳಿದ ತೆಂಗಿನ ಮರ. ಇನ್ನೊಂದು ನೆಟ್ಟಿನ ಮೇಲೆ, ಲೋಕಕ್ಕೆಲ್ಲ. ಅದರ ವಿಳಾಸ ಜಯಂತನ ಹೆಸರಿನಲ್ಲಿ, ಅದರಲ್ಲಿರುವ ಮೊಬೈಲ್ ಜಯಂತನದು. ಎಣ್ಣೆ ಬೇಕೆಂದವರಿಗೆ ಅವನೇ ಕಳಿಸುತ್ತಾನೆ. ಹಾಸನದಲ್ಲಿ ಡಬ್ಬಗಟ್ಟಲೆ ಸಿಗುವ ಅಗ್ಗದ ಎಣ್ಣೆಗೆ ಒಂದಿಷ್ಟು ಗಾಣದ ಎಣ್ಣೆ ಬೆರೆಸಿದರೆ ವಾಸನೆ ಬರುತ್ತದೆ. ಬಾಟಲಿಗೆ ಅಂಟಿಸುವ ಗಾಣದ ಹೆಸರಿನ ಚೀಟಿ ಮಾಡಿಕೊಟ್ಟವನೂ ಅವನೇ.

ಎಲ್ಲಿ ಸಿಕ್ಕಿಬೀಳಬಹುದೆಂದು ತಾನೇ ಯೋಚಿಸಿದ. ಊರಿನಲ್ಲಿ ನೆಟ್ ನೋಡುವವರು ಪರೀಕ್ಷೆಯ ಫಲಿತಾಂಶ ನೋಡಿ ಎದ್ದು ಹೋಗುತ್ತಾರೆ. ತಿಮ್ಮಪ್ಪನವರ ಕಡೆಯವರು ಹೊರಗೆಲ್ಲೋ ನೋಡಿದರೂ ಅನುಮಾನ ಬಂದರೆ ಅಲ್ಲಿರುವ ನಂಬರಿಗೇ ಫೋನ್ ಮಾಡಬೇಕು. "ಹೌದು, ಆರ್ಡರ್ ನಾನೇ ನೋಡಿಕೊಳ್ಳೋದು" ಎನ್ನುವ ಉತ್ತರ ಸಿದ್ಧವಾಗಿತ್ತು.

ಫೋಟೋಕ್ಕೆಂದು ಬಾಗೂರು ರಸ್ತೆಯ ಗಾಣಕ್ಕೆ ಹೋದಾಗ ತಿಮ್ಮಪ್ಪನವರ ಹೆಂಡತಿ ಅನಸೂಯಮ್ಮ ಕಾಫಿ ಕೊಟ್ಟರು. ಲೋಟದ ಅಂಚೂ ಜಿಡ್ಡು.

"ನಮ್ಮೆಣ್ಣೆ ಕೂಸಿಗೆ ಅಚ್ಚಕ್ಕೆ ಅಂತ್ಲೇ ಜನ ಒಯ್ತಾರೆ ಕಣಪ್ಪಾ. ನಮ್ಮತ್ತೆ ಕಾಲ್ದಿಂದ್ಲೂ ಅಂಗೇಯ. ಒಂದ್ ಕೂಸಿಗೂ ಗುಳ್ಳೆ ಎದ್ದಿಲ್ಲ. ಅದ ಬರಿ."

ಅವನು ಬರೆದ. ಎರಡನೆಯ ಜಾಲತಾಣಕ್ಕೆ ಅದು ಚೆನ್ನಾಗಿ ಒಪ್ಪಿತು.

ಹೊರಗಿನವರಿಗೆ ಬೇಕಾದದ್ದು ಹಳೆಯ ಮನೆತನ, ಹಿರಿಯರ ಮುಖ. ಹಾಗಾಗಿ ಆ ಮುಖಪುಟದ ನಡುವೆ ತಿಮ್ಮಪ್ಪನವರನ್ನೇ ಕೂರಿಸಿದ. ಹಲ್ಲಿನ ಎಲೆಯಡಿಕೆಯ ಕೆಂಪು ಕಾಣದಿರಲೆಂದು ಫೋಟೋದ ಬಣ್ಣವನ್ನೇ ತೆಗೆದು ಕಪ್ಪುಬಿಳುಪು ಮಾಡಿದ. ಎದೆಯಿಂದ ಕೆಳಗೆ ಕತ್ತರಿಸಿದ. ಸುತ್ತ ಹೂವಿನ ಅಂಚು, ಕೆಳಗೆ ಎಡಬಲಕ್ಕೆ ದೀಪ. ಏನನ್ನೂ ಹುಡುಕಬೇಕಾಗಲಿಲ್ಲ. ದೀಪದ ಕುಡಿ ಅಲುಗಾಡುವಂತೆ ಮಾಡಿದ್ದು ಮಾತ್ರ ಹೊಸದು. ಅದಕ್ಕೆ ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ಪುಟ್ಟರಾಜು ಇದನ್ನು ಗೋಡೆಯ ಮೇಲೆ ಮಾಡಲಿ ನೋಡೋಣ.

ಮೊದಲ ಫೋನು ಪುಣೆಯಿಂದ ಬಂತು. ಕನ್ನಡದ ಹೆಂಗಸು. ಮಗಳು ಬಾಣಂತಿ, ಮಗುವಿಗೆ ಹಚ್ಚಲು ಎಣ್ಣೆ ಬೇಕು. "ಕಲಬೆರಕೆ ಇಲ್ಲ ತಾನೆ?" ಎಂದಳು.

"ನಮ್ಮಜ್ಜಿ ಕಾಲದ್ದಮ್ಮಾ" ಎಂದ ಜಯಂತ್.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎಣ್ಣೆ ಬೆರೆಸಿದ. ಅಗ್ಗದ ಎಣ್ಣೆಗೆ ಹಳೆಯ ಮೇಣದಬತ್ತಿಯ ವಾಸನೆ. ಬೆರಳಿಗೆ ಹತ್ತಿದ್ದನ್ನು ಸೋಪು ಹಾಕಿ ತೊಳೆದ, ಮತ್ತೆ ತೊಳೆದ. ಊಟಕ್ಕೆ ಕೂತಾಗಲೂ ಅನ್ನದಲ್ಲಿ ಅದೇ ವಾಸನೆ. ಇದೂ ಆ ಮುದುಕನದೇ ಗಲೀಜು ಎಂದುಕೊಂಡ. ಆಮೇಲೆ ಫೋನುಗಳು ಬರುತ್ತಲೇ ಇದ್ದವು. ರಸ್ತೆಯಾಚೆ ತಮ್ಮ ಎಣ್ಣೆ ಅಂಗಡಿಯಲ್ಲಿ ಕೂತ ತಿಮ್ಮಪ್ಪನವರು ಆಗಾಗ ಕೂಗಿ ಕೇಳುತ್ತಿದ್ದರು: "ಏನ್ಲಾ ಜಯಂತ, ನಿನ್ ನೆಟ್ಟಿಂದ ಒಂದ್ ನೊಣಾನೂ ಬರ್ನಿಲ್ವಲ್ಲಾ?"

"ನಿಧಾನವಾಗಿ ಬರ್ತಾರೆ, ಗೌಡ್ರೇ."

ಒಂದು ಬೆಳಿಗ್ಗೆ ತಿಮ್ಮಪ್ಪನವರ ಅಂಗಡಿಯ ಮುಂದೆ ಟೆಂಪೊ ನಿಂತಿತು. ಇಳಿಯುತ್ತಲೇ ಹೆಂಗಸರು ಎದೆ ಬಡಿದುಕೊಂಡು ಅಳತೊಡಗಿದರು. ಗಂಡಸರ ಕೈಯಲ್ಲಿ ಹೂವಿನ ಹಾರ. ಅಂಗಡಿಯೊಳಗೆ ಕೂಗಾಟ ಎದ್ದಿತು. ಜನ ಅಡ್ಡ ನಿಂತಿದ್ದರಿಂದ ಒಳಗಿನದು ಕಾಣಲಿಲ್ಲ, ಆದರೆ ಜಯಂತನಿಗೆ ಅರ್ಥವಾಯಿತು. ಮುದುಕ ಹೋದ. ಎದೆ ಹಗುರಾಯಿತು. ಇನ್ನು ಕೇಳುವವರಿಲ್ಲ. ಹನ್ನೊಂದನೆಯ ದಿನದ ಕಾರ್ಡಿಗೆ ಇಲ್ಲಿಗೇ ಬರುತ್ತಾರೆ ಎಂದುಕೊಂಡು ಸ್ಕ್ಯಾನರಿನ ಗಾಜು ಒರೆಸಿದ. ಆಮೇಲೆ ನೆನಪಾಯಿತು, ಫೋಟೋ ಕಂಪ್ಯೂಟರಿನಲ್ಲೇ ಇದೆ.

ಬಾಗಿಲಲ್ಲಿ ತಿಮ್ಮಪ್ಪನವರು ನಿಂತಿದ್ದರು. ಹಾರ ಅವರ ಕೈಯಲ್ಲೇ ಇತ್ತು.

"ಏನ್ಲಾ ಜಯಂತ, ನಾನ್ ಸತ್ತಿದ್ ಯಾವಾಗ? ನಂಗ್ಯಾಕ್ಲಾ ಯೋಳ್ನಿಲ್ಲ?"

ಅವರ ಬೆನ್ನಿಗೆ ಹಳೇಕೋಟೆಯಿಂದ ಬಂದ ಅಕ್ಕ ರೇವಮ್ಮ, ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುವ ರೇವಮ್ಮನ ಮಗ ಸುದರ್ಶನ್.

"ನಾನೇ ಮಾವ ಅವ್ವಂಗೆ ಹೇಳಿದ್ದು" ಎಂದ ಸುದರ್ಶನ್, ತಲೆ ತಗ್ಗಿಸಿ. "ನಿನ್ನೆ ಕಾಲೇಜಲ್ಲಿ ನಿಮ್ಮ ಅಂಗಡಿ ಹೆಸರು ಹಾಕಿ ನೆಟ್ ನೋಡ್ದೆ."

"ಮನೆಗೊಂದು ಫೋನ್ ಮಾಡಿ ಕೇಳಬಹುದಿತ್ತಲ್ಲ?" ಎಂದ ಜಯಂತ್. ದನಿ ಸಹಜವಾಗಿಯೇ ಇತ್ತು.

ರೇವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಸಾವಿನ ಮನೆಗೆ ಪೋನ್ ಮಾಡಿ, ಸತ್ರಾ ಅಂತ ಕೇಳ್ತಾರೇನಪ್ಪಾ? ಒಂಟು ಬತ್ತಾರೆ."

ಜಯಂತ್ ಕಂಪ್ಯೂಟರಿನೊಳಗಿನ ಜಾಲತಾಣ ತೆರೆದ. ಅಂಗಡಿ, ಬಾಟಲಿ, ತೆಂಗಿನ ಮರ. "ನೋಡಿ. ಇದರಲ್ಲಿ ಯಾರು ಸತ್ತಿದ್ದಾರೆ?"

"ಇದಲ್ಲ" ಎಂದ ಸುದರ್ಶನ್. "ಏಳಿ, ನೆಟ್ಟಿಂದ ತೆಗೀತೀನಿ."

ಅವನು ಕುರ್ಚಿಯಲ್ಲಿ ಕೂತು ವಿಳಾಸ ಒತ್ತಿದ. ಮೋಡೆಮ್ ಕಿರುಚಿತು. ಪುಟ ಮೇಲಿನಿಂದ ಕೆಳಕ್ಕೆ, ಗೆರೆಗೆರೆಯಾಗಿ ಇಳಿಯಿತು: ಹೂವಿನ ಅಂಚು, ಅದರೊಳಗೆ ಬಣ್ಣವಿಲ್ಲದ ತಿಮ್ಮಪ್ಪ, ಕೆಳಗೆ ಕುಡಿ ಅಲುಗಾಡುವ ಜೋಡಿ ದೀಪ. ಜಯಂತ್ ಅದನ್ನು ಆಗ ಸರಿಯಾಗಿ ನೋಡಿದ. ಈ ಊರಿನ ಎಷ್ಟೋ ಗೋಡೆಗಳಲ್ಲಿ, ಅವನೇ ಮಾಡಿಕೊಟ್ಟ ಕಾರ್ಡುಗಳಲ್ಲಿ, ಸತ್ತವರ ಮುಖದ ಸುತ್ತ ಇದ್ದದ್ದು ಇದೇ ಹೂವು, ಇದೇ ದೀಪ. "ಅಯ್ಯೋ ತಮ್ಮಾ" ಎಂದು ರೇವಮ್ಮ, ಪಕ್ಕದಲ್ಲೇ ನಿಂತ ತಮ್ಮನ ತೋಳು ಹಿಡಿದುಕೊಂಡು, ಮತ್ತೆ ಅಳತೊಡಗಿದಳು. ದೀಪಗಳ ಕೆಳಗೆ ಒಂದು ಮೊಬೈಲ್ ನಂಬರು ಇಳಿಯಿತು. "ಇದ್ಯಾರ್ದು ಮಾವ, ನಿಮ್ದಲ್ವಲ್ಲ?" ಎನ್ನುತ್ತ ಸುದರ್ಶನ್ ತನ್ನ ಮೊಬೈಲ್ ತೆಗೆದು ಒಂದೊಂದೇ ಅಂಕಿ ಒತ್ತಿದ. ಜಯಂತನ ಅಂಗಿಯ ಜೇಬಿನೊಳಗೆ ಮೊಬೈಲ್ ಬಡಿದುಕೊಳ್ಳತೊಡಗಿತು.