ಕೆಮ್ಮಪ್ಪನ ಎದುರು ಸೋತವರಿಲ್ಲ

"ಆ ಕೆಮ್ಮಪ್ಪ ಸದ್ದು ಮಾಡಿದ್ರೆ ಕೋಲು ಕೆಳಗಿಡಪ್ಪ. ನೆಟ್ಟಗೆ ನಿಂತು ರೆಫರಿಗೆ ಹೇಳು. ಹಲ್ಲು ಕಚ್ಕೊಂಡು ಹೊಡೀಬೇಡ."

ಆಟದ ಮನೆ ನೋಡಿಕೊಳ್ಳುವ ಮುದುಕ ಪೂಲ್ ಮೇಜಿನ ಹಸಿರು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಕಾದ ಉಣ್ಣೆಯ ವಾಸನೆಗೆ ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆ ಸೇರಿ ಮಧ್ಯಾಹ್ನದ ಗಾಳಿ ಗಂಟಲಿಗೆ ಅಂಟುತ್ತಿತ್ತು.

ಹೊಸಬ ನಕ್ಕ. "ಯಜಮಾನ್ರೇ, ಎದುರಾಳಿ ಕೆಮ್ಮಿದ ಅಂತ ದೂರು ಹೇಳೋಕೆ ನಾನೇನು ಒಂದನೇ ಕ್ಲಾಸಾ?"

"ಅದು ಕೆಮ್ಮಲ್ಲ, ಮಾಟ. ನೀನು ಬೇಡ ಅಂತ ಕಿವಿಯಿಂದಾಚೆ ತಳ್ಳಿದ ಸದ್ದು ಅವನದಾಗುತ್ತೆ. ಆಮೇಲೆ ವಾಪಸ್ ಬರಲ್ಲ."

"ಹಾಗಾದ್ರೆ ಎಲ್ಲರನ್ನೂ ಸೋಲಿಸಿರಬೇಕಲ್ಲ ಅವನು?"

"ಅವನ ಎದುರು ಯಾರೂ ಸೋತಿಲ್ಲ." ಮುದುಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟ. "ಗೆದ್ದವರು ಯಾರೂ ಮತ್ತೆ ಕೋಲು ಹಿಡಿದಿಲ್ಲ."

ಹೊಸಬ ಬೆಳೆದದ್ದೇ ಸದ್ದಿನ ಮಡಿಲಲ್ಲಿ. ಅಪ್ಪ ಅಮ್ಮ ಇಲ್ಲದ ಅವನನ್ನು ಅಕ್ಕ ಹೊಲಿಗೆ ಯಂತ್ರ ತುಳಿದು ಸಾಕಿದ್ದಳು. ಒಂದೇ ಕೋಣೆ, ಯಂತ್ರದ ಪಕ್ಕದಲ್ಲೇ ಅವನ ಪುಸ್ತಕ. ಬೇಡದ ಸದ್ದನ್ನು ಹೊರಗೆ ನಿಲ್ಲಿಸಿ ಕಿವಿಯ ಬಾಗಿಲು ಹಾಕಿಕೊಳ್ಳುವುದನ್ನು ಅವನು ಅಲ್ಲೇ ಕಲಿತ. ಆ ಬಾಗಿಲು ದಾಟಿ ಬರುತ್ತಿದ್ದುದು ಒಂದೇ ದನಿ: "ಪುಟ್ಟಾ, ಊಟಕ್ಕೆ ಬಾ." ಇವತ್ತು ಗೆದ್ದರೆ ದೇಶದ ತಂಡದಲ್ಲಿ ಜಾಗ. ನಾಲ್ಕಕ್ಕೆ ಹೊಲಿಗೆ ಅಂಗಡಿ ಮುಚ್ಚಿ ಬರುತ್ತೇನೆ ಎಂದಿದ್ದಳು ಅಕ್ಕ.

ಕಿಟಕಿಗಳ ಕಪ್ಪು ಪರದೆ ಎಳೆದರು. ಮೇಜಿನ ಮೇಲೊಂದು ದೀಪ, ಸುತ್ತ ಕತ್ತಲು. ಆ ಕತ್ತಲಿನಿಂದ ಕೆಮ್ಮಪ್ಪ ಬಂದ. ಒಣಗಿದ ಮೈ, ರೆಪ್ಪೆ ಬಡಿಯದ ಕಣ್ಣು. "ನಮಸ್ಕಾರ" ಎಂದದ್ದು ಮುದುಕಿಯ ದನಿಯಲ್ಲಿ. ರೆಫರಿಗೆ "ಶುರು ಮಾಡಿ" ಎಂದದ್ದು ದಪ್ಪ ಗಂಡುದನಿಯಲ್ಲಿ.

"ಎಷ್ಟು ಗಂಟಲು ಇಟ್ಕೊಂಡಿದೀರಾ ಸ್ವಾಮೀ? ಮಿಮಿಕ್ರಿಗೆ ಹೋಗಬಹುದಿತ್ತು," ಎಂದ ಹೊಸಬ.

ಕೆಮ್ಮಪ್ಪ ಕೋಲಿನ ತುದಿಗೆ ಬೂದು ಬಣ್ಣದ ಚಾಕ್ ತಿಕ್ಕಿದ. ಸುಟ್ಟ ಕೂದಲಿನ ವಾಸನೆ ಎದ್ದಿತು.

ಹೊಸಬ ಬಾಗಿದಾಗಲೆಲ್ಲ ಕೆಮ್ಮು. ಕೋಲು ಹಿಂದೆ ಎಳೆದ ಕ್ಷಣಕ್ಕೆ ಸರಿಯಾಗಿ ಚಾಕಿನ ಕಿರುಗುಟ್ಟುವಿಕೆ. ರೆಫರಿ ಎರಡು ಸಲ ಹೊಸಬನ ಮುಖ ನೋಡಿದ. ದೂರು ಇದೆಯೇ ಎಂಬ ನೋಟ. ಹೊಸಬ ತಲೆಯಾಡಿಸಿ ಬೇಡವೆಂದ. ಕಿವಿಯ ಬಾಗಿಲು ಹಾಕಿಕೊಂಡ. ಕೆಮ್ಮು ಹೋಯಿತು. ಚಾಕ್ ಹೋಯಿತು. ತಲೆಯ ಮೇಲೆ ಕಿರ್ರೆನ್ನುತ್ತಿದ್ದ ಹಳೆಯ ಫ್ಯಾನಿನ ಸದ್ದನ್ನೂ ಅತ್ತ ತಳ್ಳಿದ. ಚೆಂಡುಗಳು ಒಂದೊಂದಾಗಿ ಪಾಕೆಟ್ಟಿಗೆ ಬಿದ್ದವು.

ಕೊನೆಯ ಆಟಕ್ಕೆ ಬಂದಾಗ ಇಬ್ಬರೂ ಸಮ. ಅದರ ಕೊನೆಯ ಹೊಡೆತಕ್ಕೆ ಮುನ್ನ ಬೆವರು ಒರೆಸಿಕೊಳ್ಳಲು ಹೊಸಬ ತಲೆಯೆತ್ತಿದ. ಫ್ಯಾನ್ ತಿರುಗುತ್ತಿತ್ತು. ಸದ್ದಿರಲಿಲ್ಲ.

ಎದುರಿನ ಕುರ್ಚಿಯಲ್ಲಿ ಕೆಮ್ಮಪ್ಪ ಬಾಯಿ ತೆರೆದ. ಅವನ ಗಂಟಲಿನಿಂದ ಬಂತು: ಕಿರ್‍... ಕಿರ್‍... ಕಿರ್‍...

ಹೊಸಬನಿಗೆ ಮುದುಕನ ಮಾತು ನೆನಪಾಯಿತು. ಕೋಲು ಕೆಳಗಿಡಲು ಕೈ ಇಳಿಯಿತು ಕೂಡ. ಆದರೆ ಬೀಳಿಸಲು ಉಳಿದದ್ದು ಕಪ್ಪು ಚೆಂಡೊಂದೇ, ಮೂಲೆಯ ಪಾಕೆಟ್ಟಿಗೆ ನೇರ; ಅದು ಬಿದ್ದರೆ ಗೆಲುವು. ಇಷ್ಟು ಹತ್ತಿರ ಬಂದು, ಇವನ ಅಣಕಕ್ಕೆ ಹೆದರಿ, ಕೈಕಟ್ಟಿ ನಿಲ್ಲುವುದೇ? ಮಿಮಿಕ್ರಿ, ಅಷ್ಟೇ.

ಬಾಗಿದ. ಗಲ್ಲ ಕೋಲಿಗೆ ತಾಗಿತು. ಉಸಿರು ಹಿಡಿದ.

ಬೆನ್ನ ಹಿಂದಿನಿಂದ ಕೂಗು ಕೇಳಿತು. "ಪುಟ್ಟಾ! ಹೊಡೀಬೇಡ ಕಣೋ. ಕೋಲು ಕೆಳಗಿಡು."

ಅಕ್ಕನ ದನಿ. ಅದೇ ಎಳೆತ, ಅದೇ ಕಕ್ಕುಲಾತಿ. ಫ್ಯಾನನ್ನು ಅಣಕಿಸಿದವನಿಗೆ ಅಕ್ಕನನ್ನು ಅಣಕಿಸುವುದು ಕಷ್ಟವೇ? ಎಲ್ಲಿ ಕೇಳಿಸಿಕೊಂಡನೋ ಪಾಪಿ.

"ಪುಟ್ಟಾ, ನನ್ನ ಮಾತು ಕೇಳೋ."

ಕೇಳುವುದಿಲ್ಲ. ಹಲ್ಲು ಕಚ್ಚಿದ. ಕಿವಿಯ ಬಾಗಿಲು ಎಳೆದ. ದನಿ ಸಂದಿಯಲ್ಲಿ ಬೆರಳಿಟ್ಟು ತಡೆಯಿತು. ಇನ್ನೂ ಜೋರಾಗಿ ತಳ್ಳಿದ. ಅಗುಳಿ ಬಿತ್ತು. ಎಲ್ಲ ನಿಶ್ಶಬ್ದ. ಹೊಡೆದ.

ಕಪ್ಪು ಚೆಂಡು ಉರುಳಿತು. ಅಂಚಿನಲ್ಲಿ ತೂಗಾಡಿತು. ಬಿತ್ತು.

ಚಪ್ಪಾಳೆ ಕೇಳಿಸಿತು. ಹೊಸಬನೇ ಗೆದ್ದನೆಂದು ರೆಫರಿ ಕೂಗಿದ್ದು ಕೇಳಿಸಿತು. ನಗುತ್ತಾ ತಿರುಗಿದ.

ಬಾಗಿಲ ಬಳಿ ಅಕ್ಕ ನಿಂತಿದ್ದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಓಡಿ ಬಂದ ಏದುಸಿರಿಗೆ ಅದು ಅಲುಗುತ್ತಿತ್ತು. ಅವಳನ್ನು ಕರೆತಂದಿದ್ದ ಮುದುಕ ಗೋಡೆಗೆ ಹಣೆ ಹಚ್ಚಿದ್ದ. ಅಕ್ಕ ಏನೋ ಹೇಳುತ್ತಿದ್ದಳು. ತುಟಿ ಆಡುತ್ತಿತ್ತು. ಪಕ್ಕದಲ್ಲಿದ್ದವರು ಕಿವಿಗೊಟ್ಟು ಬಾಗಿದರು, ಮುಖ ಮುಖ ನೋಡಿಕೊಂಡರು. ಅವಳು ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಳು. ಬಾಯಿ ಪೂರ್ತಿ ತೆರೆದಳು. ಏನೂ ಬರಲಿಲ್ಲ.

ತಣ್ಣನೆಯ ಕೈಯೊಂದು ಹೊಸಬನ ಕೈಯನ್ನು ಕುಲುಕಿತು. ಸೋತವನು ಗೆದ್ದವನಿಗೆ ಕೈ ಕೊಡುವುದು ಆಟದ ಪದ್ಧತಿ. ಸುಟ್ಟ ಕೂದಲಿನ ವಾಸನೆ ಮುಖದ ಹತ್ತಿರ ಬಂತು.

ಕೆಮ್ಮಪ್ಪ ಈಗ ಕೆಮ್ಮಲಿಲ್ಲ.

"ಆಟ ಸಾಕು," ಎಂದ, ಅದೇ ಎಳೆತದಲ್ಲಿ, ಅದೇ ಕಕ್ಕುಲಾತಿಯಲ್ಲಿ. "ಪುಟ್ಟಾ, ಊಟಕ್ಕೆ ಬಾ."